ಡಿಪ್ ಮಾಡಿದರೆ ಕತ್ತಲು

ಗೌಡರು ಕಾರನ್ನು ವರ್ಕ್‌ಶಾಪಿನೊಳಗೆ ತಂದು ನಿಲ್ಲಿಸಿದರು, ಆದರೆ ಕೆಳಗಿಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಮೊದಲು ಪ್ರೊಪ್ರೈಟರನ್ನು, ಆಮೇಲೆ ಎಲೆಕ್ಟ್ರಿಕ್ ಕೆಲಸದ ಮೇಸ್ತ್ರಿಯನ್ನು, ಪೇಂಟರನ್ನು, ಕೊನೆಗೆ ಸ್ಟೋರ್ಸ್ ಬಾಗಿಲಲ್ಲಿ ನಿಂತಿದ್ದ ನನ್ನನ್ನು. ನನ್ನ ಮೇಲೆ ಬಿದ್ದ ನೋಟ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು.

"ಈ ಯಮ್ಮ ಯಾರು?" ಎಂದು ಪ್ರೊಪ್ರೈಟರನ್ನು ಕೇಳಿದರು.

"ನಮ್ ಸ್ಟೋರ್ಸ್ ಇವರ ಕೈಲೇ ಇರೋದು ಗೌಡ್ರೇ. ಕಾನ್ವೆಂಟಲ್ಲಿ ಓದಿರೋ ಹುಡುಗಿ. ವೆರಿ ರಿಲಯಬಲ್."

"ನಟ್ಟು ಬೋಲ್ಟು ಎಣಿಸಾಕೆ ಕಾನ್ವೆಂಟ್ ಯಾಕ್ ಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೌಡರು ಮಾತ್ರ ನಗಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಿಂದಾಚೆ, ತುಮಕೂರು ರಸ್ತೆಗೆ ಮುಖ ಮಾಡಿ ನಮ್ಮ ವರ್ಕ್‌ಶಾಪು ಇತ್ತು. ಬರುತ್ತಿದ್ದುದು ಲಾರಿಗಳೇ ಹೆಚ್ಚು. ಗ್ರೀಸು, ಬೀಡಿ, ಬೈಗುಳಗಳ ನಡುವೆ ನಾನೊಬ್ಬಳೇ ಹೆಂಗಸು. ಹೊಸ ಬಿಡಿಭಾಗ ಏನು ಬಂದರೂ ನನ್ನ ಕಪಾಟಿಗೆ ಬರಬೇಕು, ನನ್ನ ಕೈಯಿಂದಲೇ ಹೊರಗೆ ಹೋಗಬೇಕು. ಟು ಬಿ ಫ್ರಾಂಕ್, ಆ ಕಪಾಟಿನ ಬಗ್ಗೆ ನನಗೆ ಸ್ವಲ್ಪ ಪ್ರೈಡ್ ಇತ್ತು.

ಆ ಕಾರನ್ನು ನಾನು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಹೇಳಬಲ್ಲೆ. ದೇಶ ಬಿಟ್ಟು ಹೊರಟ ಯಾವನೋ ದೊರೆಯಿಂದ ಗೌಡರ ತಂದೆ ಕೊಂಡಿದ್ದ ಇಂಗ್ಲಿಷ್ ಸಲೂನ್. ಉದ್ದ ಮೂತಿ, ಎರಡೂ ಬದಿಗೆ ಕಾಲಿಡುವ ಹಲಗೆ, ಒಳಗೆ ಕರಿಮರದ ಡ್ಯಾಶ್‌ಬೋರ್ಡು, ಚರ್ಮದ ಸೀಟಿನ ಹಳೆಯ ವಾಸನೆ. ಮುಂದೆ ಊಟದ ತಟ್ಟೆಯಷ್ಟು ಅಗಲದ, ಬೆಳ್ಳಿ ಮುಲಾಮಿನ ಎರಡು ಹೆಡ್‌ಲೈಟು. ನೋಡಲು ರಾಜವೈಭವ, ಹಚ್ಚಿದರೆ ಸೀಮೆಎಣ್ಣೆ ಬುಡ್ಡಿ. ಗೌಡರ ದ್ರಾಕ್ಷಿ ತೋಟ ಯಲಹಂಕ ದಾಟಿ ಬಾಗಲೂರಿನ ಕಡೆಗೆ. ಮಾರ್ಕೆಟ್ ಕೆಲಸ ಮುಗಿಸಿ ಹಿಂತಿರುಗುವಾಗ ಕತ್ತಲಾಗುತ್ತಿತ್ತು. ಹೆಬ್ಬಾಳದ ಕೆರೆ ಏರಿಯ ಮೇಲೆ ಒಂದು ಸಂಜೆ, ದೀಪವಿಲ್ಲದ ಎತ್ತಿನ ಗಾಡಿ ಬಂಪರಿಗೆ ತಗುಲುವವರೆಗೂ ಅವರಿಗೆ ಕಾಣಲೇ ಇಲ್ಲ. ಎತ್ತುಗಳಿಗೇನೂ ಆಗಲಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಗೌಡತಿ ಇನ್ನು ಹೊತ್ತು ಮುಳುಗಿದ ಮೇಲೆ ಈ ಕಾರು ಹತ್ತುವುದಿಲ್ಲ ಎಂದುಬಿಟ್ಟರಂತೆ.

ಹಾಗಾಗಿ ಹೊಸ ಲ್ಯಾಂಪು. ಫಾರಿನ್ ಸಾಮಾನು ಸಿಗುವುದೇ ದುಸ್ತರವಾಗಿದ್ದ ಕಾಲ. ಗೌಡರು ಬೊಂಬಾಯಿಯಲ್ಲಿದ್ದ ನೆಂಟರನ್ನು ಹಿಡಿದು, ಯೂರೋಪಿನಲ್ಲಿ ತಯಾರಾದ ಒಂದು ಜೊತೆ ತರಿಸಿದ್ದರು. ಕಂಬಳಿಯಲ್ಲಿ ಸುತ್ತಿ, ಹಿಂದಿನ ಸೀಟಿನ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಬಂದಿದ್ದರು. ಅವನ್ನು ನನ್ನ ಕೈಗೆ ಕೊಡುವಾಗ ಹೇಳಿದರು:

"ನೋಡವ್ವ, ಇಂಥವು ಈ ಬೆಂಗಳೂರಾಗೆ ಇನ್ನೊಂದ್ ಜೊತೆ ಇಲ್ಲ. ಕಳದ್ರೆ ಕಳೀತು ಅನ್ನೋ ಮಾತು ನಂಗೆ ಏಳ್ಬ್ಯಾಡ."

"ನನ್ನ ಕಪಾಟಿಂದ ಇವತ್ತಿನವರೆಗೂ ಏನೂ ಕಳೆದಿಲ್ಲ ಗೌಡ್ರೇ."

"ಇವತ್ತಿನ್ಗಂಟ ಇಂಥದ್ದು ಬಂದಿರ್ಲಿಲ್ವಲ್ಲ" ಎಂದರು.

ಕೆಲಸ ನಾವು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಹಳೆಯ ಹೆಡ್‌ಲೈಟಿನ ಬಟ್ಟಲು ಅಗಲ, ಹೊಸ ಲ್ಯಾಂಪು ಕಿರಿದು. ಬಟ್ಟಲನ್ನು ಬದಲಾಯಿಸಕೂಡದು, ಕಾರಿನ ಮುಖ ಕೆಡುತ್ತದೆ ಎಂದು ಗೌಡರ ಕಟ್ಟಪ್ಪಣೆ. ನಮ್ಮ ಲೇತಿನವನು ಹಿತ್ತಾಳೆ ತಗಡಿನಲ್ಲಿ ಎರಡು ಉಂಗುರ ಕಡೆದು, ನಡುವಿನ ಖಾಲಿ ಜಾಗಕ್ಕೆ ಕೂರಿಸಿದ. ಮೊದಲನೆಯ ಉಂಗುರ ಸಡಿಲವಾಗಿ, ಅಳತೆಗೆಂದು ನಾನೇ ಕಪಾಟಿನಿಂದ ತಂದು ಹಿಡಿದ ಲ್ಯಾಂಪು ಲೊಡಗುಟ್ಟಿತು. ಅದನ್ನು ಎಸೆದು ಇನ್ನೊಂದು ಮಾಡಿದ.

ಅದಕ್ಕಿಂತ ದೊಡ್ಡ ತೊಡಕು ಡಿಪ್‌ನದು. ಎದುರಿಗೆ ಗಾಡಿ ಬಂದಾಗ ಬೆಳಕನ್ನು ನೆಲಕ್ಕೆ ಬಗ್ಗಿಸುವ ವ್ಯವಸ್ಥೆ ಆ ಹಳೆಯ ಕಾರಿನಲ್ಲಿ ವಿಚಿತ್ರವಾಗಿತ್ತು. ಸ್ವಿಚ್ ಒತ್ತಿದರೆ ಬಲಗಡೆಯ ದೀಪ ಆರಿಹೋಗುತ್ತದೆ, ಎಡಗಡೆಯ ದೀಪದೊಳಗಿನ ಕನ್ನಡಿ 'ಟಕ್' ಎಂದು ತಲೆ ಬಗ್ಗಿಸುತ್ತದೆ. ಹೊಸ ಲ್ಯಾಂಪಿನಲ್ಲಿ ಕನ್ನಡಿ ಅಲುಗಾಡುವುದಿಲ್ಲ. ಒಂದೇ ಬಲ್ಬಿನಲ್ಲಿ ಎರಡು ತಂತಿ, ಒಂದು ದೂರದ ಬೆಳಕಿಗೆ, ಒಂದು ಡಿಪ್‌ಗೆ. ಹಾಗಾಗಿ ಪ್ರತಿ ಲ್ಯಾಂಪಿಗೂ ಇನ್ನೊಂದು ವೈರು ಎಳೆಯಬೇಕು, ಕಾಲಿನಡಿಗೆ ಹೊಸ ಸ್ವಿಚ್ ಕೂರಿಸಬೇಕು. ಬಟ್ಟೆ ಸುತ್ತಿದ ಹಳೆಯ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು. ಮೇಸ್ತ್ರಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಪಳಗಿದವರು. ಡ್ಯಾಶ್‌ಬೋರ್ಡಿನಿಂದ ಮೂತಿಯವರೆಗೆ ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆದರು. ವೈರು, ಸ್ವಿಚ್ಚು, ಒಂದೊಂದನ್ನೂ ನನ್ನಿಂದ ಪಡೆಯುತ್ತಿದ್ದರು. ಕೊಡುವುದು, ತೆಗೆದುಕೊಳ್ಳುವುದು, ಅಷ್ಟೇ. ಒಬ್ಬರನ್ನೊಬ್ಬರು ಪರೀಕ್ಷಿಸುವ ಅಗತ್ಯ ನಮಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಎಲ್ಲ ಸಿದ್ಧವಾದ ಮೇಲೆ ನಾನು ಕಪಾಟು ತೆರೆದು ಲ್ಯಾಂಪುಗಳನ್ನು ಕೊಟ್ಟೆ. ಅವು ಪೇಂಟರ್ ಬೆಂಚಿಗೆ ಹೋಗಿ, ಎಲ್ಲ ಲ್ಯಾಂಪುಗಳ ಹಾಗೆ ಗಾಜಿನ ಮೇಲರ್ಧಕ್ಕೆ ಕರಿ ಬಳಿಸಿಕೊಂಡು, ಮೇಸ್ತ್ರಿಯ ಬೆಂಚಿನ ಮೇಲೆ ಒಣಗಿದವು. ಯುದ್ಧದ ಬ್ಲ್ಯಾಕ್‌ಔಟ್ ಕಾಲದಿಂದ ಬಂದ ಅಭ್ಯಾಸ ಅದು. ಕರಿ ಇಲ್ಲದ ಲೈಟು ಕಂಡರೆ ಪೊಲೀಸರು ಹಿಡಿಯುತ್ತಾರೆ ಎಂಬ ಭಯವೂ ಜೊತೆಗಿತ್ತು.

ಅಂದು ಮುಸ್ಸಂಜೆಗೆ ಕಾರನ್ನು ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿದೆವು. ಗೋಡೆಯ ಮೇಲೆ ಮೇಸ್ತ್ರಿ ಸೀಮೆಸುಣ್ಣದ ಗೆರೆ ಎಳೆದಿದ್ದರು. ಗೌಡರು ಒಳಗೆ ಕೂತು ಸ್ವಿಚ್ ಹಾಕಿದರು. ಗೋಡೆ ಬೆಳ್ಳಗಾಯಿತು. ಇಟ್ಟಿಗೆಯ ಸಂದಿನ ಗಾರೆಯೂ ಕಾಣುವಂಥ ಬೆಳಕು! ಪ್ರೊಪ್ರೈಟರ್ ಚಪ್ಪಾಳೆ ತಟ್ಟಿದರು.

"ಈಗ ಡಿಪ್ ಮಾಡಿ ಗೌಡ್ರೇ."

ಗೌಡರು ಕಾಲಿನಡಿಯ ಸ್ವಿಚ್ ಒತ್ತಿದರು. ಗೋಡೆ ಮಾಯವಾಯಿತು. ಗೋಡೆಯ ಬುಡದಲ್ಲಿ ಬೂದು ಬಣ್ಣದ ಮಸುಕೊಂದು ಉಳಿಯಿತು, ಅಷ್ಟೆ. ಹತ್ತಿರ ಹೋಗಿ ನೋಡಿದರೆ ಎರಡು ಬಲ್ಬೂ ಚೆನ್ನಾಗಿ ಉರಿಯುತ್ತಿದ್ದವು. ಉರಿಯುತ್ತಿದ್ದವು, ಆದರೆ ಬೆಳಕು ಮುಂದಕ್ಕೆ ಬರುತ್ತಿರಲಿಲ್ಲ.

"ಏರಿ ಮ್ಯಾಲೆ ಎದುರ್ಗೆ ಗಾಡಿ ಬತ್ತದೆ, ಡಿಪ್ ಮಾಡ್ತೀನಿ, ಕೆರೆಗೆ ಬೀಳ್ತೀನಿ" ಎಂದರು ಗೌಡರು ನಿಧಾನವಾಗಿ. "ಹಳೇದೇ ವಾಸಿಯಾಗಿತ್ತು."

ಆಮೇಲಿನ ದಿನಗಳೆಲ್ಲ ಅದೇ ಹುಡುಕಾಟ. ಮೇಸ್ತ್ರಿ ಬ್ಯಾಟರಿಯಿಂದ ಬಲ್ಬಿನ ಹೋಲ್ಡರ್‌ವರೆಗೆ ಕರೆಂಟ್ ಪರೀಕ್ಷಿಸಿದರು. ಸರಿಯಾಗಿತ್ತು. ಅರ್ತ್ ಹಿಡಿಯುವ ಜಾಗವನ್ನೆಲ್ಲ ಎಮರಿ ಪೇಪರಿನಿಂದ ತಿಕ್ಕಿ ಬಿಗಿ ಮಾಡಿದರು. ಸ್ವಿಚ್ ಬದಲಾಯಿಸಿದರು. ಎಡದ ಬಲ್ಬು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರು. ಕೊನೆಗೆ ಕಾರಿನ ವೈರಿಂಗನ್ನೇ ಬಿಟ್ಟು ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟರು. ಡಿಪ್ ಮಾಡಿದರೆ ಕತ್ತಲು.

ಗೌಡರು ತೋಟದ ಕೆಲಸವನ್ನೇ ಬಿಟ್ಟರು. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಕಾರಿನ ಕಾಲು ಹಲಗೆಯ ಮೇಲೆ ಕೂತರೆ, ಮಧ್ಯಾಹ್ನ ಅಲ್ಲೇ ರಾಗಿಮುದ್ದೆ ಬುತ್ತಿ ಬಿಚ್ಚುವರು. ಯಾರು ಯಾವ ಸ್ಪ್ಯಾನರ್ ಎತ್ತಿದರೂ ಅವರ ಕಣ್ಣು ಜೊತೆಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಅವರು ಹೆಡ್‌ಲೈಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಮೇಲೆಲ್ಲ ಹೆಬ್ಬೆರಳ ಉಗುರು ಆಡಿಸುತ್ತಿದ್ದರು. ಎದ್ದವರು ಸೀದಾ ಪ್ರೊಪ್ರೈಟರ್ ಟೇಬಲ್ಲಿನ ಮುಂದೆ ನಿಂತರು.

"ಇವು ನನ್ ಲ್ಯಾಂಪಲ್ಲ."

"ಏನ್ ಹೇಳ್ತಿದೀರ ಗೌಡ್ರೇ?"

"ಕೊಡಾಕೆ ಮುಂಚೆ ನಮ್ಮನೆಯೋಳ ಮೂಗುಬೊಟ್ಟಿನ ವಜ್ರ ಇಸ್ಕಂಡು ಗಾಜಿನ ಮ್ಯಾಲೆ ಒಂದು ಗುರುತು ಗೀಚಿದ್ದೆ. ಈಗ ಇಲ್ಲ. ಕರಿ ಬಣ್ಣದ ಮ್ಯಾಲೂ ಉಗುರಾಡಿಸ್ದೆ, ನುಣ್ಣಗೈತೆ. ಒಳ್ಳೇದ್ ಎತ್ಕಂಡು ಡೂಪ್ಲಿಕೇಟ್ ಇಕ್ಕವ್ರೆ."

"ಏನು ಗುರುತು? ಎಲ್ಲಿ ಗೀಚಿದ್ರಿ?"

"ಅದ್ ಏಳಾಕಿಲ್ಲ. ಏಳಿದ್ರೆ ಮಧ್ಯಾಹ್ನದೊಳ್ಗೆ ನೀವೇ ಗೀಚ್ಬಿಡ್ತೀರ."

ವಜ್ರದ ಗುರುತಿನ ಸುದ್ದಿ ಶೆಡ್ಡಿನ ತುಂಬ ಹರಡಿತು. ಪ್ರೊಪ್ರೈಟರ್ ಮೇಸ್ತ್ರಿಯನ್ನೂ ನನ್ನನ್ನೂ ಕರೆದರು. ಎಲ್ಲರೂ ಕೇಳಿಸಿಕೊಳ್ಳುವಂತೆಯೇ ಮಾತಾಡಿದರು.

"ನೋಡಮ್ಮಾ, ಲ್ಯಾಂಪು ಕಪಾಟಲ್ಲಿದ್ದಾಗ ಕೀ ನಿನ್ನ ಹತ್ರ ಇತ್ತು. ಹೊರಗೆ ಬಂದ ಮೇಲೆ ಇವರ ಬೆಂಚಲ್ಲಿತ್ತು. ಪೇಂಟರ್ ಬಳಿದಿದ್ದು ಎಲ್ಲರ ಕಣ್ಣೆದುರಿಗೆ. ಮೂರನೆಯವರು ಯಾರೂ ಇಲ್ಲ. ಇಬ್ಬರಲ್ಲಿ ಒಬ್ಬರು ಹೇಳಿಬಿಡಿ, ಇಲ್ಲೇ ಮುಗಿಸೋಣ. ಇಲ್ಲಾಂದ್ರೆ ನಾಳೆ ಸ್ಟೇಷನ್ನಿನವರು ಬರ್ತಾರೆ."

ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಆಗಲೇ ನನ್ನ ಮುಖ ನೋಡುತ್ತಿದ್ದರು.

ಒಮ್ಮೆ ಅನುಮಾನ ಹೊಕ್ಕರೆ ನೆನಪುಗಳೆಲ್ಲ ಸಾಕ್ಷಿಗಳಾಗಿ ಎದ್ದು ನಿಲ್ಲುತ್ತವೆ. ಆ ವಾರ ಮೇಸ್ತ್ರಿ ಸೈಕಲ್ಲಿನ ಹಿಂದೆ ಪೇಪರಿನಲ್ಲಿ ಸುತ್ತಿದ ದುಂಡನೆಯ ಪೊಟ್ಟಣ ಕಟ್ಟಿಕೊಂಡು ಹೋದದ್ದು ನನಗೆ ನೆನಪಾಯಿತು. ಲ್ಯಾಂಪಿನಷ್ಟೇ ಅಗಲವಿತ್ತಲ್ಲವೇ? ಪೇಂಟ್ ಒಣಗುವಾಗ ಬೆಂಚಿನ ಹತ್ತಿರ ಬರಬೇಡಿ, ಧೂಳು ಕೂರುತ್ತದೆ ಎಂದು ಅವರು ನನಗೆ ಹೇಳಿದ್ದು ಯಾಕೆ? ಅವರ ಕಡೆಯಿಂದಲೂ ಇಂಥ ಸಾಕ್ಷಿಗಳು ಸಿದ್ಧವಾಗುತ್ತಿದ್ದವು. ಮಧ್ಯಾಹ್ನ ಟೀ ಹೊತ್ತಿಗೆ ಲೇತಿನವನಿಗೆ ಅವರು ಹೇಳುತ್ತಿದ್ದುದು ನನ್ನ ಕಿಟಕಿಗೇ ಕೇಳಿಸಿತು.

"ಸಿಟಿಯಿಂದ ಒಬ್ಬ ಬ್ರೋಕರ್ ಬರ್ತಾನಲ್ಲ, ಕರಿ ಕನ್ನಡಕದವನು? ಗೇಟ್ ಹತ್ರ ಸ್ಟೋರ್ಸ್ ಮಿಸ್ ಜೊತೆ ಇಂಗ್ಲಿಷಲ್ಲಿ ಮಾತಾಡ್ತಿದ್ದ. ನಂಗೇನ್ ಅರ್ಥ ಆಗುತ್ತೆ ಗುರು, ಇಂಗ್ಲಿಷು?"

ಆ ಬ್ರೋಕರ್ ಕೇಳಿದ್ದು ಕಾರಿನಿಂದ ತೆಗೆದ ಹಳೆಯ ಗಾಜು, ಕನ್ನಡಿಗಳನ್ನು ಮಾರುತ್ತೀರಾ ಎಂದು. ಇಲ್ಲ ಎಂದು ಕಳಿಸಿದ್ದೆ. ಆದರೆ ಅದನ್ನು ಈಗ ಹೇಳಿದರೆ ಯಾರು ನಂಬುತ್ತಾರೆ? ಇಂಗ್ಲಿಷಿನಲ್ಲಿ ಹೇಳಿದ 'ಇಲ್ಲ'ಕ್ಕೆ ಸಾಕ್ಷಿ ಯಾರು?

ಮನೆಯಲ್ಲಿ ಅಮ್ಮನಿಗೆ ಹೇಳಲಿಲ್ಲ. ಮುಖ ನೋಡಿ ಅವಳೇ ಕೇಳಿದಳು.

"ಏನಾಯ್ತೇ? ಗ್ಯಾರೇಜಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಏನಿಲ್ಲಮ್ಮ, ತಲೆನೋವು."

"ಟೀಚರ್ ಕೆಲಸಕ್ಕೆ ಸೇರ್ಕೋ ಅಂದೆ. ಕಾನ್ವೆಂಟ್ ಸಿಸ್ಟರ್ರೂ ಅಂದ್ರು. ಗಂಡಸರ ಮಧ್ಯೆ ಹೋಗಿ ನಿಂತ್ಕೊಂಡ ಮೇಲೆ ತಲೆನೋವು ಬರ್ದೆ ಇನ್ನೇನ್ ಬರುತ್ತೆ."

ಮದುವೆಯಾಗದ ಹುಡುಗಿ ಕಳ್ಳತನದ ವಿಚಾರಣೆಗೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದಳು ಎಂದರೆ ಆ ಕಾಲದ ಯಶವಂತಪುರದಲ್ಲಿ ಅದು ಒಂದು ದಿನದಲ್ಲಿ ಮುಗಿಯುವ ಮಾತಲ್ಲ. ನಾನು ಇನ್ನೊಸೆಂಟ್ ಎಂದು ಗೊತ್ತಾದರೂ ಕೆಲಸ ಹೋಗುತ್ತಿತ್ತು, ಹೆಸರಂತೂ ಹೋಗುತ್ತಿತ್ತು. ಮೇಸ್ತ್ರಿಗೂ ಅಷ್ಟೇ. ಮಿಲಿಟರಿಯವರು ಕೊಟ್ಟ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಬೆಂಚಿನ ಮೇಲೆ ತೂಗುಹಾಕಿಕೊಂಡಿದ್ದ ಮನುಷ್ಯ ಅವರು. ಅಂದು ಮಾತ್ರ ಇದು ನನ್ನ ತಲೆಗೆ ಹೋಗಲಿಲ್ಲ. ಲ್ಯಾಂಪು ಬದಲಾಯಿಸಿದ್ದು ಅವರೇ ಎಂದು ನಾನು ಮನಸ್ಸಿನಲ್ಲಿ ತೀರ್ಮಾನಿಸಿ ಆಗಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಪ್ರೊಪ್ರೈಟರ್ ಸ್ಟೇಷನ್ ಕಡೆ ಹೊರಟರು. ಹೊರಡುವಾಗ, "ನಾನು ಬರೋವರೆಗೂ ಕಾರನ್ನ ಯಾರೂ ಮುಟ್ಟಕೂಡದು" ಎಂದು ಹೇಳಿ ಹೋದರು. ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ನಿಂತುಹೋಯಿತು. ನಾನು ನನ್ನ ಟೇಬಲ್ಲಿನ ಮುಂದೆ ಕೂತು ಯೋಚಿಸಿದೆ. ಪೊಲೀಸರು ಬಂದ ಮೇಲೆ ನಾನು ಹೇಳುವುದೆಲ್ಲ ಕಳ್ಳಿಯ ಮಾತು. ಅದಕ್ಕೆ ಮೊದಲು ಆ ಲ್ಯಾಂಪನ್ನು ಒಮ್ಮೆಯಾದರೂ ನನ್ನ ಕೈಯಲ್ಲಿ ಹಿಡಿದು, ಉರಿಯುವುದನ್ನು ಕಣ್ಣಾರೆ ನೋಡಬೇಕು. ಮೋಸ ಎಲ್ಲಿದೆ ಎಂದು ಗೌಡರ ಎದುರಿಗೇ ತೋರಿಸಬೇಕು. ಎದ್ದು ಮೇಸ್ತ್ರಿಯ ಬೆಂಚಿಗೆ ಹೋದೆ.

"ಮೇಸ್ತ್ರಿ, ಒಂದು ಲ್ಯಾಂಪು ಬಿಚ್ಚಿ."

"ಮುಟ್ಟಬಾರ್ದು ಅಂದಿದಾರೆ ಮಿಸ್. ಮುಟ್ಟಿದ್ರೆ ಕೈಗೆ ಕೋಳ."

"ಮುಟ್ಟದಿದ್ದರೂ ಅದೇ ಅಲ್ವಾ?"

ಅವರು ನನ್ನನ್ನು ನೋಡಿದರು. ಇವಳು ಯಾವ ಬಲೆ ಹಾಕುತ್ತಿದ್ದಾಳೆ ಎಂದು ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡರು. ಕಾಲು ಹಲಗೆಯ ಮೇಲೆ ಕೂತಿದ್ದ ಗೌಡರು ಬುತ್ತಿ ಬಿಟ್ಟು ಎದ್ದರು.

"ಏಯ್, ಏನ್ ಮಾಡ್ತಿದೀರ?"

"ನಿಮ್ಮೆದುರಿಗೇ ನೋಡೋಣ ಅಂತ ಗೌಡ್ರೇ" ಎಂದೆ. "ಬನ್ನಿ ನೀವೂ."

ಹಗಲಲ್ಲಿ ಕತ್ತಲು ಸಿಗುವ ಜಾಗ ಪೇಂಟಿನ ಕೋಣೆಯೊಂದೇ. ಧೂಳು ಬಾರದಂತೆ ಕಿಟಕಿಗೆಲ್ಲ ಗೋಣಿ ಹೊಡೆದಿದ್ದರು. ಬ್ಯಾಟರಿ ಒಂದನ್ನು ಒಳಗೆ ತಂದಿಟ್ಟೆವು. ಗೌಡರು ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತರು.

"ಇಲ್ಲಿಂದ ಯಾವನೂ, ಯಾವ್ಳೂ ಆಚೀಗ್ ಓಗಂಗಿಲ್ಲ."

ನಾನು ಬಲ್ಬಿಗೆ ಕೈ ಚಾಚಿದೆ. ಮೇಸ್ತ್ರಿ ಅದನ್ನು ಹಿಂದಕ್ಕೆಳೆದುಕೊಂಡರು.

"ಬಲ್ಬು ನಾನೇ ಹಿಡೀತೀನಿ. ಆಮೇಲೆ ನೀವು ಅದು ಬೇರೆ, ಇದು ಬೇರೆ ಅಂದ್ರೆ?"

"ಹಾಗಾದ್ರೆ ಗಾಜು ನಂಗೆ ಕೊಡಿ. ಆಮೇಲೆ ನೀವು ಅದನ್ನ ಒಡೆದು ನನ್ನ ಮೇಲೆ ಹಾಕಿದ್ರೆ?"

ಗೌಡರಿಗೆ ನಮ್ಮಿಬ್ಬರ ಮಾತೂ ನ್ಯಾಯವಾಗಿ ಕಂಡಿತು. "ಹೂಂ, ಅಂಗೇ ಮಾಡಿ" ಎಂದರು.

ಹೀಗಾಗಿ, ಹೋಲ್ಡರಿನಲ್ಲಿ ಖಚಿತವಾಗಿ ಒಂದೇ ರೀತಿ ಕೂರಬೇಕಾದ ಬಲ್ಬು ಅವರ ಕೈಯಲ್ಲಿ, ಅದರ ಗಾಜು ಮತ್ತು ಕನ್ನಡಿ ನನ್ನ ಕೈಯಲ್ಲಿ. ನಾನು ಲ್ಯಾಂಪಿನ ಮುಖವನ್ನು ಗೋಡೆಗೆ ತಿರುಗಿಸಿ, ಕರಿ ಅರ್ಧ ಮೇಲೆ ಬರುವಂತೆ ಹಿಡಿದೆ. ಅವರು ಬಟ್ಟೆ ಸುತ್ತಿದ ಕೈಯಲ್ಲಿ ಬಲ್ಬನ್ನು ಹಿಂದಿನ ತೂತಿನಲ್ಲಿ ತೂರಿಸಿ ಡಿಪ್ ತಂತಿಗೆ ಕರೆಂಟ್ ಕೊಟ್ಟರು. ಗೋಡೆಯ ಮೇಲೆ ಅದೇ ಬೂದು ಮಸುಕು.

"ನೋಡಿದ್ರಾ?" ಎಂದೆ ನಾನು.

"ನೋಡ್ದೆ. ಕಪಾಟಿಂದ ಬಂದಿದ್ದೇ ಇಂಥದ್ದು" ಎಂದರು ಅವರು.

ಅಷ್ಟರಲ್ಲಿ ಬಲ್ಬು ಕಾದಿತು. ಮೇಸ್ತ್ರಿ 'ಸ್ಸ್' ಎಂದು ಹಿಡಿತ ಬದಲಾಯಿಸಲು ಹೋದಾಗ ಅದು ಅವರ ಬೆರಳಲ್ಲಿ ಅರ್ಧ ಸುತ್ತು ಹೊರಳಿತು. ಕೋಣೆಯ ಛಾವಣಿಯ ಶೀಟು ಹಾಲಿನ ಹಾಗೆ ಬೆಳ್ಳಗಾಯಿತು. ಮೂಲೆಯ ಜೇಡರ ಬಲೆಯ ಎಳೆ ಎಳೆಯೂ ಕಂಡಿತು. ನಾವು ಮೂವರೂ ತಲೆ ಎತ್ತಿದೆವು.

"ಸೂರಿಗ್ಯಾಕ್ ಬೆಳಕು?" ಎಂದರು ಗೌಡರು. "ನನ್ ಕಾರು ಸೂರ್ ಮ್ಯಾಲೆ ಓಗಲ್ಲ."

"ಇನ್ನೊಂದ್ಸಲ ತಿರುಗಿಸಿ ಮೇಸ್ತ್ರಿ."

ತಿರುಗಿಸಿದರು. ಕತ್ತಲು. ಮತ್ತೆ ತಿರುಗಿಸಿದರು. ಛಾವಣಿಯಲ್ಲಿ ಬೆಳಕು. ನಾನು ಗಾಜಿನ ಕೆಳಗಿನ ಅರ್ಧಕ್ಕೆ, ಬಣ್ಣವಿಲ್ಲದ ಕಡೆಗೆ, ಅಂಗೈ ಅಡ್ಡ ಹಿಡಿದೆ. ಬೆಳಕು ಆರಿತು. ಕೈ ತೆಗೆದೆ, ಬಂತು.

ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಕಿಟಕಿ ಮುಚ್ಚಿ, ಬಾಗಿದ ಕನ್ನಡಿ ಹಿಡಿದು, "ಲೈಟ್ ಟ್ರಾವೆಲ್ಸ್ ಇನ್ ಸ್ಟ್ರೇಟ್ ಲೈನ್ಸ್, ಗರ್ಲ್ಸ್" ಎನ್ನುತ್ತಿದ್ದುದು ಎಷ್ಟೋ ವರ್ಷದ ಮೇಲೆ ಕಿವಿಯಲ್ಲಿ ಕೇಳಿಸಿತು. "ಬಲ್ಬ್ ಹೊರಗೆ ತೆಗೀರಿ, ನೋಡೋಣ" ಎಂದೆ. ಕರೆಂಟ್ ತೆಗೆದು, ಆರಿದ ಬಲ್ಬನ್ನು ಅವರು ಗೋಣಿಯ ಸಂದಿನ ಬಿಸಿಲಿಗೆ ಹಿಡಿದರು. ಅವರ ತಲೆ, ನನ್ನ ತಲೆ ಎರಡೂ ಅದರ ಮೇಲೆ ಬಗ್ಗಿದವು.

"ಡಿಪ್ ತಂತಿ ಕೆಳಗೆ ಒಂದು ತಗಡಿನ ಬಟ್ಟಲಿದೆ, ನೋಡಿದ್ರಾ ಮಿಸ್?" ಎಂದರು. "ನಮ್ ಲಾರಿ ಬಲ್ಬಿಗೆ ಇದು ಇರಲ್ಲ."

"ಅದು ಕೆಳಗೆ ಹೋಗೋ ಬೆಳಕನ್ನ ತಡೆಯುತ್ತೆ. ಬೆಳಕೆಲ್ಲ ಮೇಲೆ ಮಾತ್ರ ಹೋಗ್ಬೇಕು."

"ಮೇಲ್ಗಡೆ ಕನ್ನಡಿ ಅದನ್ನ ಬಗ್ಗಿಸಿ ರೋಡಿಗೆ ಹಾಕುತ್ತೆ."

"ಗಾಜಿನ ಮೇಲರ್ಧದಿಂದ."

ಲಾರಿಯ ಬಲ್ಬಿನ ಬೆಳಕು ಎಲ್ಲ ಕಡೆಗೂ ಚೆಲ್ಲುತ್ತದೆ. ಅರ್ಧ ಗಾಜು ಮುಚ್ಚಿದರೂ ಉಳಿದರ್ಧದಿಂದ ಹೊರಗೆ ಬರುತ್ತದೆ. ಈ ಹೊಸ ಲ್ಯಾಂಪಿನ ಡಿಪ್‌ಗೆ ಇದ್ದ ದಾರಿ ಒಂದೇ. ಆ ದಾರಿಗೇ ನಾವು ಕರಿ ಬಳಿದಿದ್ದೆವು. ಇಷ್ಟು ದಿನ ಆ ಕರಿ ಎಲ್ಲರ ಕಣ್ಣ ಮುಂದೆಯೇ ಇತ್ತು. ಊರಿನ ಎಲ್ಲ ವಾಹನಗಳ ಮೇಲೂ ಇದ್ದುದರಿಂದ ಅದನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಗೌಡರು ಬಾಗಿಲು ಬಿಟ್ಟು ಎದ್ದು ಬಂದರು. "ಏನು ಗುಸುಗುಸು? ನಂಗೂ ಏಳಿ."

ಪೇಂಟರನ್ನು ಕರೆದೆವು. ಅವನಿಗೆ ಮೊದಲು ಸಿಟ್ಟೇ ಬಂತು. "ಇಷ್ಟ್ ವರ್ಷ ಎಷ್ಟ್ ಲಾರಿಗೆ ಬಳ್ದಿದೀನಿ, ಒಬ್ಬನೂ ಕೇಳಿಲ್ಲ" ಎಂದು ಗೊಣಗಿದ. ಆದರೂ ಥಿನ್ನರ್ ಅದ್ದಿದ ಬಟ್ಟೆ ಮತ್ತು ಶೇವಿಂಗ್ ಬ್ಲೇಡ್ ತಂದು ಗಾಜಿನ ಬಣ್ಣ ತೆಗೆಯಲು ಕೂತ. ಎನಾಮಲ್ ಬಣ್ಣ, ಎರಡು ಕೋಟು, ದಪ್ಪಗೆ ಕೂತಿತ್ತು. ಅದು ಸಿಪ್ಪೆಯ ಹಾಗೆ ಏಳುತ್ತಿದ್ದಂತೆ ಗೌಡರ ಮೂಗು ಗಾಜಿಗೆ ತಗುಲುವಷ್ಟು ಹತ್ತಿರ ಬಂತು.

"ನಿಲ್ಲು, ನಿಲ್ಲು. ಒರಸು ಅಲ್ಲಿ."

ಗಾಜಿನ ಅಂಚಿಗೆ ಹತ್ತಿರ, ಅಕ್ಕಿಕಾಳಿನಷ್ಟು ಉದ್ದದ ಒಂದು ಗೀರು. ಕೆಳಗೆ ಸ್ವಲ್ಪ ಬಾಗಿತ್ತು.

"ಕುಡುಗೋಲು!" ಎಂದರು ಗೌಡರು. "ನನ್ ದ್ರಾಕ್ಷಿ ಬುಟ್ಟಿಗೆ ಆಕೋ ಗುರುತು. ಗೀರಿನ ತುಂಬಾ ಬಣ್ಣ ತುಂಬಿ ಉಗುರಿಗೆ ಸಿಕ್ಕಿಲ್ಲ ನೋಡು!"

ನಾನು ಅಲ್ಲೇ ಇದ್ದ ಪೇಂಟ್ ಡಬ್ಬದ ಮೇಲೆ ಕೂತೆ. ಸೀರೆಗೆ ಬಣ್ಣವಾಯಿತು, ಆಗಲಿ. ಗೌಡರು ಕಾರಿನ ಹತ್ತಿರ ನಡೆದು, ಇನ್ನೊಂದು ಲ್ಯಾಂಪನ್ನೂ ಬಿಚ್ಚಿಸಿ ಅದರ ಕರಿ ಕೆರೆಸಿದರು. ಅದರಲ್ಲಿ ಗೀರಿರಲಿಲ್ಲ. ಮೇಸ್ತ್ರಿ ಗಾಜನ್ನು ಇನ್ನೊಮ್ಮೆ ಒರೆಸಿ ನೋಡಿದರು.

"ಇದಕ್ಕೆ ಗುರುತಿಲ್ವಲ್ಲ ಗೌಡ್ರೇ?" ಎಂದೆ.

ಗೌಡರು ಮೊದಲ ಬಾರಿಗೆ ಕಣ್ಣು ತಪ್ಪಿಸಿದರು. "ಇದಕ್ಕೆ ಗೀಚಾಕೆ ಬುಡ್ಲಿಲ್ಲ ಅವ್ಳು. ನನ್ ತವ್ರು ಮನೆ ವಜ್ರ ಏನ್ ಗಾಜ್ ಕೊರೆಯೋ ಮೊಳೆಯಾ ಅಂತ ಕಿತ್ಕಂಡ್ಳು."

ಪೇಂಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗೌಡರು ಎರಡೂ ಗಾಜನ್ನು ಅಕ್ಕಪಕ್ಕ ಇಡಿಸಿ ಬಹಳ ಹೊತ್ತು ತಾಳೆ ನೋಡಿ, ಕೊನೆಗೆ, "ಅದೊಂದಂತೂ ನಂದು. ಇದೂ ನಂದೇ ಇರ್ಬೌದು" ಎಂದರು.

ಅಷ್ಟು ಹೊತ್ತಿಗೆ ಗೇಟಿನಲ್ಲಿ ಪ್ರೊಪ್ರೈಟರ್ ಕಂಡರು. ಜೊತೆಯಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್. ಮುಟ್ಟಬೇಡಿ ಎಂದ ಕಾರು ಕಣ್ಣು ಕಿತ್ತ ಹಾಗೆ ನಿಂತಿದೆ, ಲ್ಯಾಂಪುಗಳು ನೆಲದ ಮೇಲಿವೆ. ಅವರ ಮುಖ ಕೆಂಪಾಯಿತು. ನಾನು ಏನೂ ವಿವರಿಸಲು ಹೋಗಲಿಲ್ಲ. "ಸರ್, ಕತ್ತಲಾಗೋವರೆಗೂ ಇರಿ. ಆಮೇಲೆ ಯಾರನ್ನ ಕರ್ಕೊಂಡು ಹೋಗ್ಬೇಕೋ ಕರ್ಕೊಂಡು ಹೋಗ್ಲಿ" ಎಂದೆ.

ಮುಸ್ಸಂಜೆಗೆ ಲ್ಯಾಂಪುಗಳನ್ನು ಮತ್ತೆ ಕೂರಿಸಿ, ಕಾರನ್ನು ಅದೇ ಗೋಡೆಗೆ ಎದುರಾಗಿ ನಿಲ್ಲಿಸಿದೆವು. ದೂರದ ಬೆಳಕಿಗೆ ಗೋಡೆಯಾಚೆಯ ಹುಣಸೆ ಮರದ ಎಲೆಗಳೂ ಬೆಳಗಿದವು. ಗೌಡರು ಡಿಪ್ ಒತ್ತಿದರು. ಬೆಳಕು ಆರಲಿಲ್ಲ. ಚಾಪೆ ಹಾಸಿದ ಹಾಗೆ ನೆಲಕ್ಕೆ ಇಳಿದು, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಯ ಕೆಳಗೆ ನೇರವಾಗಿ ನಿಂತಿತು. ಎಡ, ಬಲ ಎರಡೂ ಒಂದೇ ಸಮ. ಮೇಸ್ತ್ರಿ ಗೋಡೆಯವರೆಗೆ ನಡೆದು ಹೋಗಿ, ಹಿಂತಿರುಗಿ ಬೆಳಕಿನತ್ತ ನೋಡಿದರು. ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ.

"ಯಾರದಮ್ಮಾ ಕಂಪ್ಲೇಂಟು?" ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು.

"ಏನಿಲ್ಲ ಬಿಡಿ" ಎಂದು ಪ್ರೊಪ್ರೈಟರ್ ಅವರ ಹೆಗಲ ಮೇಲೆ ಕೈ ಹಾಕಿದರು. "ಸ್ಮಾಲ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್."

"ಕಳ್ಳತನ ಇಲ್ದಿದ್ರೆ ಹೋಗ್ಲಿ. ಈ ಲೈಟಿಗೆ ಕರಿ ಎಲ್ಲಿ?"

ಗೌಡರು ಕಿಟಕಿಯಿಂದ ತಲೆ ಹೊರಹಾಕಿದರು. "ಸ್ವಾಮಿ, ಈಗ ಎದುರ್ಗೆ ನಿಂತಿದೀರ. ಕಣ್ಣಿಗ್ ಬಡೀತೈತಾ?"

"ಬಡಿಯಲ್ಲ ನಿಜ. ಆದ್ರೂ ಕರಿ ಅಂದ್ರೆ ಕರಿ. ಒಂದು ಬೊಟ್ಟಾದ್ರೂ ಇಡ್ಸಿ."

ಪೇಂಟರ್ ಕೂಡಲೇ ಕುಂಚ ತಂದು, ಎರಡೂ ಗಾಜಿನ ನಡುವೆ ದೃಷ್ಟಿಬೊಟ್ಟಿನ ಹಾಗೆ ಪುಟ್ಟದೊಂದು ಕರಿ ಚುಕ್ಕೆ ಇಟ್ಟ. ಎಲ್ಲರಿಗೂ ಸಮಾಧಾನವಾಯಿತು. ಗೌಡರು ಅಂದೇ ಕಾರು ತೆಗೆದುಕೊಂಡು ಹೊರಟರು. ಹೊರಡುವಾಗ ನನ್ನ ಹತ್ತಿರ ನಿಲ್ಲಿಸಿ, "ಕಾನ್ವೆಂಟಲ್ಲಿ ಇದ್ನೂ ಏಳ್ಕೊಡ್ತಾರಾ?" ಎಂದು ಕೇಳಿದರು. ಅದು ಹೊಗಳಿಕೆಯೋ ಇನ್ನೊಂದು ಅನುಮಾನವೋ ನನಗೆ ತಿಳಿಯಲಿಲ್ಲ.

ಪ್ರೊಪ್ರೈಟರ್ ಮರುದಿನ ಬೆಳಿಗ್ಗೆ ಏನೂ ನಡೆದೇ ಇಲ್ಲವೆಂಬಂತೆ, "ಕ್ಯಾರಿ ಆನ್, ಕ್ಯಾರಿ ಆನ್" ಎನ್ನುತ್ತ ನನ್ನ ಟೇಬಲ್ ದಾಟಿ ಹೋದರು. ಎಲ್ಲರ ಮುಂದೆ ಹೇಳಿದ್ದನ್ನು ಎಲ್ಲರ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ ಎಂದು ನಾನು ಸಂಜೆಯವರೆಗೂ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ. ಕೆಲಸ ಉಳಿದಿತ್ತು. ಅಮ್ಮನಿಗೆ ಏನೂ ತಿಳಿಯಲಿಲ್ಲ, ಸೀರೆಯ ಬಣ್ಣದ ಕಲೆಯೊಂದನ್ನು ಬಿಟ್ಟರೆ.

ಮೇಸ್ತ್ರಿಗೂ ನನಗೂ ಜಗಳವಿರಲಿಲ್ಲ. ನಾವಿಬ್ಬರೂ ಸೇರಿಯೇ ಅಲ್ಲವೇ ಅದನ್ನು ಪತ್ತೆ ಮಾಡಿದ್ದು? ಅವರ ಪೊಟ್ಟಣದಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಬ್ರೋಕರ್ ಏನು ಕೇಳಿದನೆಂದು ಅವರೂ ಕೇಳಲಿಲ್ಲ. ಕೆಲವು ವಾರಗಳ ನಂತರ ಅವರು ಒಂದು ಲಾರಿಗೆ ಬಲ್ಬು ಬೇಕೆಂದು ಸ್ಟೋರ್ಸ್ ಕಿಟಕಿಗೆ ಬಂದರು. ಕೊಟ್ಟೆ. ಮೊದಲಾದರೆ ಜೇಬಿಗೆ ಹಾಕಿಕೊಂಡು ಹೋಗುವವರು, ಅಂದು ಡಬ್ಬಿ ಬಿಚ್ಚಿ, ಬಲ್ಬನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ಅದು ಅವರಿಗೆ ಗೊತ್ತಾಯಿತು.

"ಬೇಜಾರ್ ಮಾಡ್ಕೋಬೇಡಿ ಮಿಸ್. ಅಭ್ಯಾಸ ಆಗೋಯ್ತು."

"ಪರವಾಗಿಲ್ಲ ಮೇಸ್ತ್ರಿ" ಎಂದೆ. "ನಂಗೂ ಆಗಿದೆ."

ಅವರು ಬಲ್ಬನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನನಗೆ ಕಾಣುವ ಹಾಗೆ ಕೈಯಲ್ಲೇ ಹಿಡಿದುಕೊಂಡು ಬೆಂಚಿನ ಕಡೆ ನಡೆದರು. ಅವರು ಅದನ್ನು ಲಾರಿಗೆ ಹಾಕುವವರೆಗೂ ನಾನು ಕಿಟಕಿಯಲ್ಲೇ ನಿಂತಿದ್ದೆ.